ಅಜ್ಜನ ಮುಖಕ್ಕೆ ಹಸಿರು ಬಣ್ಣ

ನಮ್ಮ ಕಡೆ ಮನುಷ್ಯ ತೀರಿಕೊಂಡ ಮೇಲೆ ಬೆಳ್ಳಗಾಗುತ್ತಾನೆ. ನಿಪ್ಪಾಣಿ, ಕಾಗಲ, ಸಂಕೇಶ್ವರ, ಗಡಹಿಂಗ್ಲಜ, ಯಾವ ಊರಿನ ಯಾವ ಪಡಸಾಲೆಗಾದರೂ ಹೋಗಿ ನೋಡಿ. ಬಾಗಿಲ ಮೇಲೆ ಗಂಧದ ಹಾರ ಹಾಕಿಸಿಕೊಂಡು ಕೂತ ಅಜ್ಜ ಹಾಲುಬಣ್ಣ. ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚಹಾ ಕುಡಿಯುತ್ತಾ ಕೂತ ಮಕ್ಕಳು, ಮೊಮ್ಮಕ್ಕಳು ಕಬ್ಬಿನ ಗದ್ದೆಯ ಬಿಸಿಲುಂಡವರು. ಒಂದೇ ಮನೆತನ ಅಂತ ನಂಬಬೇಕಾದರೆ ಮೂಗು ನೋಡಬೇಕು. ಬಣ್ಣ ನೋಡಿದರೆ ಆಸ್ತಿಪತ್ರದ ಮೇಲೇ ಅನುಮಾನ ಬರುತ್ತದೆ.

ಈ ಬಿಳುಪನ್ನು ತಯಾರಿಸುವ ಜಾಗಗಳಲ್ಲೊಂದು ಗೋಕುಳ ಶಿರಗಾಂವದಲ್ಲಿ, ನಾನು ಬಾಡಿಗೆಗಿರುವ ಓಣಿಯಲ್ಲೇ ಇದೆ. ಕೊಲ್ಲಾಪುರದಿಂದ ಕಾಗಲದ ಕಡೆ ಹೊರಟರೆ ಹೆದ್ದಾರಿಯ ಬಗಲಿಗೆ ಸಿಗುವ ಊರು ಇದು. ಹಾಲಿನ ಸಂಘದ ಡೇರಿ, ಎಂ.ಐ.ಡಿ.ಸಿ. ಕೈಗಾರಿಕಾ ವಸಾಹತು, ಸಾಲುಸಾಲು ಫೌಂಡ್ರಿ, ಮಷಿನ್ ಶಾಪು, ನಡುನಡುವೆ ಮಾರಲು ಮನಸ್ಸಾಗದೆ ಯಾರೋ ಉಳಿಸಿಕೊಂಡ ಕಬ್ಬಿನ ಪಟ್ಟಿ. ಗಡಿಯಾಚೆಯಿಂದ ಬಂದು ದುಡಿಯುವ ಕನ್ನಡದ ಜನ ಇಲ್ಲಿ ಬೇಕಾದಷ್ಟು. ನಾನೂ ಅವರಲ್ಲೊಬ್ಬ, ಒಂದು ಫೌಂಡ್ರಿಯಲ್ಲಿ ಲೆಕ್ಕ ಬರೆಯುವವನು. ಓಣಿಯ ಕೊನೆಯ ಪತ್ರಾಸಿನ ಶೆಡ್ಡಿನಲ್ಲಿ ಕಾಕಾ. ಅವರಿಗೊಂದು ಹೆಸರಿದೆ, ಆದರೆ ಅದು ರೇಷನ್ ಕಾರ್ಡಿಗಷ್ಟೇ. ಊರಿಗೆಲ್ಲ ಅವರು ಪೇಂಟರ್ ಕಾಕಾ.

ಒಂದು ಕಾಲಕ್ಕೆ ಕಾಕಾ ಸಿನಿಮಾ ಬ್ಯಾನರ್ ಬರೆಯುತ್ತಿದ್ದರು. ಹತ್ತು ಫೂಟಿನ ಹೀರೋ, ಅರ್ಧ ಮುಖ ಕಿತ್ತಳೆ, ಅರ್ಧ ಮುಖ ನೀಲಿ; ಖಳನಾಯಕನಾದರೆ ಗಲ್ಲಕ್ಕೆ ಧಾರಾಳವಾಗಿ ಹಸಿರು. ಹತ್ತಿರದಿಂದ ನೋಡಿದರೆ ಬಣ್ಣದ ಜಗಳ, ರಸ್ತೆಯಾಚೆ ನಿಂತು ನೋಡಿದರೆ ಜೀವಂತ ಮನುಷ್ಯ. ಫ್ಲೆಕ್ಸ್ ಬಂತು, ಬ್ಯಾನರು ಹೋಯಿತು. ಈಗ ಕಾಕಾ ಹೋದವರ ಚಿತ್ರ ಬರೆಯುತ್ತಾರೆ. ಗಿರಾಕಿ ತರುವುದೋ ಒಂದು ಆಧಾರ್ ಕಾರ್ಡಿನ ಫೋಟೋ, ಇಲ್ಲವೇ ಯಾರದೋ ಮದುವೆಯ ಗ್ರೂಪಿನಲ್ಲಿ ಮೂರನೇ ಸಾಲಿಗೆ ನಿಂತ ಉಗುರಿನಷ್ಟು ಮುಖ. ಅದರಿಂದ ಎರಡು ಫೂಟಿನ ತಂದೆಯವರನ್ನು ಎಬ್ಬಿಸಿ ಕೂರಿಸಬೇಕು. ಜೊತೆಗೊಂದು ಬೇಡಿಕೆ ಇದ್ದೇ ಇರುತ್ತದೆ.

"ಕಾಕಾ, ಅಪ್ಪಾನ್ನ ಸ್ವಲ್ಪ ಬೆಳ್ಳಗ ಮಾಡ್ರಿ."

"ಇದ್ದಾಗ ಹ್ಯಾಂಗಿದ್ರು?"

"ಕಪ್ಪಗs ಇದ್ರರಿ. ಆದ್ರ ಈಗ ಇಲ್ಲಲ್ರಿ."

ಈ ತರ್ಕಕ್ಕೆ ಎದುರಾಡುವುದು ಕಷ್ಟ. ಕಾಕಾ ತಲೆಯಾಡಿಸಿ ಅಡ್ವಾನ್ಸ್ ಇಸಿದುಕೊಳ್ಳುತ್ತಾರೆ.

ಸೂಟಿಯ ದಿನ ನಾನು ಅಲ್ಲಿಗೆ ಹೋಗಿ ಸ್ಟೂಲು ಎಳೆದುಕೊಂಡು ಕೂತುಬಿಡುತ್ತೇನೆ. ವಾರವೆಲ್ಲ ಅಂಕಿ ನೋಡಿದ ಕಣ್ಣಿಗೆ ಮುಖ ನೋಡುವುದೊಂದು ಔಷಧ. ಮೊದಲ ಸಲ ನೋಡಿದವರಿಗೆ ಎದೆ ಧಸಕ್ಕೆನ್ನುವ ಸಂಗತಿಯೆಂದರೆ ಕಾಕಾ ಮುಖಕ್ಕೆ ಮೊದಲು ಹಚ್ಚುವುದು ಹಸಿರು. ಮಾಸಲು, ಮಣ್ಣುಹಸಿರು. ನೆರಳಿದ್ದಲ್ಲೆಲ್ಲ ಅದನ್ನೇ ಎಳೆದು, ಬೆಳಕಿದ್ದಲ್ಲಿ ಬಿಳಿ ಬೆರೆಸಿ, ಇಡೀ ತಲೆಯನ್ನು ಹಸಿರಿನಲ್ಲೇ ಕಟ್ಟಿ ಒಣಗಲು ಬಿಡುತ್ತಾರೆ. ಅಂಥ ಹೊತ್ತಿನಲ್ಲಿ ಕಾಗಲದ ಗಿರಾಕಿಯೊಬ್ಬ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದ. ಈಸೆಲ್ ಮೇಲಿನ ಅಜ್ಜನನ್ನು ನೋಡಿ ಚಪ್ಪಲಿ ಬಿಡುವುದನ್ನೂ ಮರೆತ. "ಕಾಕಾ, ಅಜ್ಜಾಗ ಹಾರ್ಟ್ ಅಟ್ಯಾಕ್ ಆಗಿತ್ರಿ. ನೀವು ವಿಷಾ ತಗೊಂಡಾಂಗ ಮಾಡೀರಲ್ಲ! ಪಾಹುಣ್ಯಾರು ನೋಡಿದ್ರ ಪೊಲೀಸ್ ಕೇಸ್ ಆಗ್ತೈತಿ."

ಕಾಕಾನ ಈ ಹಸಿರಿಗೆ ಆರುನೂರು ವರ್ಷದ ವಂಶಾವಳಿಯಿದೆ. ಇಟಲಿಯ ಚೆನ್ನಿನೋ ಚೆನ್ನಿನಿ ಎಂಬ ಚಿತ್ರಗಾರ ಕಸುಬಿನ ಗುಟ್ಟನ್ನೆಲ್ಲ ಬರೆದಿಟ್ಟ ಕೈಪಿಡಿಯಲ್ಲಿ, ಮುಖಕ್ಕೆ ಮೊದಲು ಹಸಿರು ಮಣ್ಣಿನ ಬಣ್ಣ ಹಚ್ಚಿ ಮೇಲೆ ಗುಲಾಬಿ ಛಾಯೆಗಳನ್ನು ತೆಳ್ಳಗೆ ಕೊಡಬೇಕೆಂದು ಹೇಳಿದ್ದಾನೆ. ಕಾರಣ ಸರಳ. ಕೆಂಪಿನ ಕೆಳಗೆ ಹಸಿರಿದ್ದರೆ ಎರಡೂ ಒಂದನ್ನೊಂದು ತಗ್ಗಿಸಿಕೊಂಡು, ಬೆಳಕಿನಿಂದ ನೆರಳಿಗೆ ಹೊರಳುವ ಅಂಚಿನಲ್ಲಿ ಚರ್ಮಕ್ಕಿರುವ ಆ ತಣ್ಣಗಿನ ಬೂದು ತಾನಾಗಿ ಮೂಡುತ್ತದೆ. ಹಸಿರಿಲ್ಲದೆ ಬರೀ ಗುಲಾಬಿ ಬಳಿದರೆ ಬರುವುದು ಜಾತ್ರೆಯ ಗೊಂಬೆ. ಹಳೆಯ ಇಟಲಿಯ ಎಷ್ಟೋ ಮೇರಿ ಮಾತೆಯರು ಇವತ್ತು ಮ್ಯೂಜಿಯಮ್ಮುಗಳಲ್ಲಿ ಹಸಿರು ಮುಖ ಹೊತ್ತು ನಿಂತಿದ್ದಾರೆ. ಶತಮಾನಗಳಲ್ಲಿ ಮೇಲಿನ ಗುಲಾಬಿ ಮಾಸಿ, ಸವೆದು ಹೋಗಿ ಒಳಗಿನದು ಹೊರಬಿದ್ದಿದೆ. ಕಾಗಲದ ಗಿರಾಕಿ ಅವರನ್ನು ನೋಡಿದ್ದರೆ ಏನು ಕೇಸು ಹಾಕುತ್ತಿದ್ದನೋ.

ಅದೇ ಚೆನ್ನಿನಿ ಇನ್ನೊಂದು ಮಾತು ಹೇಳಿದ್ದಾನೆ, ಅದು ಕೊಲ್ಲಾಪುರದವರಿಗೆ ನೇರವಾಗಿ ತಿಳಿಯುವಂಥದ್ದು. ಆಗ ಬಣ್ಣ ಕಲಸುತ್ತಿದ್ದುದು ಮೊಟ್ಟೆಯ ಹಳದಿಯಲ್ಲಿ. ಎಳೆಯ ಮುಖಗಳಿಗೆ ಪೇಟೆಯ ಕೋಳಿಯ ಮೊಟ್ಟೆ ತಗೊಳ್ಳಿ, ಅದರ ಹಳದಿ ತೆಳು. ಮುದುಕರಿಗೆ, ಕಪ್ಪು ಮೈಯವರಿಗೆ ಹಳ್ಳಿಯ ಕೋಳಿಯದೇ ಆಗಬೇಕು, ಅದು ಕೆಂಪಗಿರುತ್ತದೆ ಅಂತ. ಇದನ್ನು ಕಾಕಾಗೆ ಹೇಳಿದಾಗ ಅವರಿಗಾದ ಆನಂದ ಅಷ್ಟಿಷ್ಟಲ್ಲ. "ನೋಡ್ರಿ ಸಾಹೇಬ್ರ, ಆ ಮನಷ್ಯಾಗೂ ಜವಾರಿದು ಫಾರ್ಮಿಂದು ಫರಕು ಗೊತ್ತಿತ್ತು!" ಅವತ್ತು ಮಧ್ಯಾಹ್ನದ ಊಟಕ್ಕೆ ನನ್ನನ್ನು ಏಳಗೊಡಲಿಲ್ಲ. ಅಡಿಗೆ ಗಾವರಾನ, ಅಂದರೆ ಜವಾರಿ ಮೊಟ್ಟೆಯದ್ದೇ ಇತ್ತು. ಬಣ್ಣ ಕಲಸಲು ಏನೂ ಉಳಿಯಲಿಲ್ಲ.

ಅಂಗಡಿಯಲ್ಲಿ 'ಫ್ಲೆಶ್ ಟಿಂಟ್' ಎಂಬ ಟ್ಯೂಬು ಸಿಗುತ್ತದೆ. ಹಿಂಡಿದರೆ ಪೌಡರ್ ಹಚ್ಚಿದ ಗುಲಾಬಿಯೊಂದು ಹೊರಬರುತ್ತದೆ. ಯಾರ ಮೈಬಣ್ಣ ಅದು? ಅಮೆರಿಕದ ಕ್ರೆಯೋಲಾ ಕಂಪನಿಯ ಮೇಣದ ಬಣ್ಣದ ಕಡ್ಡಿಗಳಲ್ಲೂ 'ಫ್ಲೆಶ್' ಎಂಬೊಂದು ಇತ್ತು. ಜಗತ್ತಿನಲ್ಲಿ ಬೇರೆ ಚರ್ಮಗಳೂ ಇವೆಯೆಂದು ಹೊಳೆದು 1962ರಲ್ಲಿ ಅದಕ್ಕೆ 'ಪೀಚ್' ಎಂದು ಹೆಸರಿಟ್ಟರು. ನಮ್ಮ ಶಾಲೆಯ ಡಬ್ಬಿಗಳಲ್ಲಿ ಮಾತ್ರ ಅದು ಬಹುಕಾಲ 'ಸ್ಕಿನ್ ಕಲರ್' ಆಗಿಯೇ ಉಳಿಯಿತು, ಅದನ್ನು ಕೈಯಲ್ಲಿ ಹಿಡಿದ ಹುಡುಗನ ಬೆರಳಿಗೂ ಅದಕ್ಕೂ ಸಂಬಂಧವಿಲ್ಲದಿದ್ದರೂ. ಕಾಕಾನ ಹತ್ತಿರವೂ ಯಾರೋ ತಂದುಕೊಟ್ಟ ಅಂಥದೊಂದು ಟ್ಯೂಬಿದೆ. ಹಾರದಲ್ಲಿನ ಗುಲಾಬಿ ಹೂವಿಗೆ ಬಳಸುತ್ತಾರೆ.

ಹಸಿರು ಒಣಗಿದ ಮೇಲೆ ಮುಖಕ್ಕೆ ಅವರಿಗೆ ಸಾಮಾನ್ಯವಾಗಿ ಬೇಕಾದದ್ದು ಕಡಿಮೆ: ಯೆಲ್ಲೋ ಓಕರ್, ಲೈಟ್ ರೆಡ್, ಬಿಳಿ, ಬರ್ನ್ಟ್ ಅಂಬರ್, ಚಿಟಿಕೆ ನೀಲಿ. ಸ್ವೀಡನ್ನಿನ ಆಂಡರ್ಸ್ ಝೋರ್ನ್ ಇನ್ನೂ ಜುಗ್ಗ. ಬಿಳಿ, ಓಕರ್, ವರ್ಮಿಲಿಯನ್, ಕಪ್ಪು, ಈ ನಾಲ್ಕರಲ್ಲೇ ರಾಜರು, ಸಾಹುಕಾರರನ್ನೆಲ್ಲ ಬರೆದು ಮುಗಿಸಿದನೆಂದು ಅವನ ಖ್ಯಾತಿ. ನೀಲಿ ಬೇಡವೇ ಅಂದರೆ, ಕಪ್ಪಿಗೆ ಬಿಳಿ ಕಲಸಿ ಬಿಸಿ ಬಣ್ಣಗಳ ನಡುವೆ ಇಟ್ಟುಬಿಟ್ಟರೆ ಕಣ್ಣು ಅದನ್ನೇ ನೀಲಿಯೆಂದು ಒಪ್ಪಿಕೊಳ್ಳುತ್ತದೆ.

ಮುಖವೆಂಬುದು ಒಂದೇ ಬಣ್ಣದ ಜಾಗವಲ್ಲ, ಮೂರು ಪಟ್ಟಿ ಅನ್ನುತ್ತಾರೆ ಕಸುಬಿನವರು. ಹಣೆಯಲ್ಲಿ ಎಲುಬಿನ ಮೇಲೆ ಚರ್ಮ ತೆಳು, ಹಳದಿಯ ಕಡೆಗೆ ವಾಲುತ್ತದೆ. ಗಲ್ಲ, ಮೂಗು, ಕಿವಿಯಲ್ಲಿ ರಕ್ತದ ಓಡಾಟ ಹೆಚ್ಚು, ಕೆಂಪು. ಗಂಡಸಿನ ದವಡೆ ಎಷ್ಟೇ ನುಣ್ಣಗೆ ಬೋಳಿಸಿದರೂ ಕೂದಲಿನ ಬೇರು ಒಳಗೇ ಇರುವುದರಿಂದ ನೀಲಿಬೂದು. ಕಾಕಾ ಒಂದು ಸಲ ನನ್ನನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿ ಕನ್ನಡಿ ಹಿಡಿದರು. ಹಿಂದಿನ ಬಿಸಿಲು ಕಿವಿಯನ್ನು ದಾಟಿ ಬರುತ್ತಿತ್ತು. ಕಿವಿಯ ಅಂಚು ಕೆಂಡ. ಬೆಳಕಿನ ಬಹುಪಾಲು ಚರ್ಮದ ಮೇಲಿಂದಲೇ ವಾಪಸ್ಸು ಹೋಗುವುದಿಲ್ಲ, ಒಳಗೆ ಹೊಕ್ಕು, ಅಡ್ಡಾಡಿ, ರಕ್ತವನ್ನು ನೋಡಿ ಬರುತ್ತದೆ. ಗೋಡೆಗೆ ಬಣ್ಣ ಹೊಡೆದ ಹಾಗೆ ಮುಖಕ್ಕೆ ಹೊಡೆಯಲಾಗದು ಅನ್ನುವುದು ಅದಕ್ಕೇ.

ಇದಕ್ಕೆ ಒಳ್ಳೆಯ ಪ್ರಯೋಗಶಾಲೆ ನಮ್ಮ ಊರಲ್ಲೇ ಇದೆ. ಡೇರಿಯ ಟ್ಯಾಂಕರುಗಳು ನಿಲ್ಲುವ ಕಡೆ ಚಹಾದ ಗಾಡಿಯ ಕರಿಕಲ್ಲಿನ ಕಟ್ಟೆಯ ಮೇಲೆ ಯಾವಾಗಲೂ ನಾಲ್ಕು ಹನಿ ಹಾಲು ಚೆಲ್ಲಿರುತ್ತದೆ. ದಪ್ಪಗೆ ಬಿದ್ದಲ್ಲಿ ಬಿಳಿ. ಬೆರಳಿನಿಂದ ತೆಳ್ಳಗೆ ಎಳೆದರೆ ಅಂಚಿನಲ್ಲಿ ನೀಲಿ ಮಿನುಗುತ್ತದೆ. ಹಾಲಿನಲ್ಲಿ ನೀಲಿ ಯಾರೂ ಹಾಕಿಲ್ಲ. ಅದರೊಳಗಿನ ಸಣ್ಣ ಕಣಗಳು ನೀಲಿ ಬೆಳಕನ್ನೇ ಹೆಚ್ಚು ಚದುರಿಸುತ್ತವೆ, ಕೆಳಗಿನ ಕಪ್ಪು ಉಳಿದದ್ದನ್ನು ನುಂಗುತ್ತದೆ. ಕೆಂಪು ರಕ್ತ ಹರಿಯುವ ನರ ಮುಂಗೈಯಲ್ಲಿ ನೀಲಿಯಾಗಿ ಕಾಣುವುದರಲ್ಲೂ ಈ ಚದುರುವಿಕೆಯ ಪಾಲಿದೆ. ಗಾಢ ಬಣ್ಣದ ಮೇಲೆ ತಿಳಿ ಬಣ್ಣವನ್ನು ತೀರಾ ತೆಳ್ಳಗೆ ಉಜ್ಜಿ ಕಣ್ಣಿನ ಕೆಳಗಿನ ನೀಲಿ ಛಾಯೆ ತೆಗೆಯುವುದು ತೈಲಚಿತ್ರಗಾರರ ಹಳೆಯ ಉಪಾಯ. ಟ್ಯಾಂಕರಿನ ಡ್ರೈವರಣ್ಣ ನಾನು ಚೆಲ್ಲಿದ ಹಾಲಲ್ಲಿ ಬೆರಳಾಡಿಸುವುದನ್ನು ನೋಡಿ ಗಾಡಿಯವನಿಗೆ ಮೆಲ್ಲಗೆ, "ಸಾಹೇಬ್ರಿಗೆ ಇನ್ನರ್ಧ ಕಪ್ ಕೊಡಪಾ, ಆಸೆ ಆಗಿರಬೇಕು" ಅಂದ.

ಇಷ್ಟೆಲ್ಲ ಕಾಕಾಗೆ ಎಲ್ಲಿಂದ ಬಂತು? ಕೊಲ್ಲಾಪುರದ ಗಾಳಿಯಿಂದ ಅನ್ನಬೇಕು. ಕುಸ್ತಿ ಮತ್ತು ರಸ್ಸಾ ಬಿಟ್ಟು ಈ ಊರಿಗೆ ಮತ್ತೇನೂ ಗೊತ್ತಿಲ್ಲ ಅಂದುಕೊಂಡವರು ಟೌನ್ ಹಾಲ್ ಮ್ಯೂಜಿಯಂ ಒಳಗೆ ಹೋಗಿ ಬರಬೇಕು. ಶಾಹೂ ಮಹಾರಾಜರ ಕಾಲದ ಅಬಾಲಾಲ ರಹಿಮಾನ್ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಬಂದು ರಂಕಾಳ, ಕೋಟಿತೀರ್ಥಗಳ ದಂಡೆಯಲ್ಲಿ ಹೊತ್ತುಹೊತ್ತಿನ ಬೆಳಕು ಹಿಡಿಯುತ್ತಾ 1931ರಲ್ಲಿ ತೀರಿಕೊಂಡವರು. 1867ರಲ್ಲಿ ಕೊಲ್ಲಾಪುರದಲ್ಲೇ ಹುಟ್ಟಿದ ಎಂ.ವಿ. ಧುರಂಧರ ಜೆ.ಜೆ.ಯಲ್ಲಿ ಕಲಿತು ಅಲ್ಲೇ ಕಲಿಸಿದವರು. ಆನಂದರಾವ್ ಮತ್ತು ಬಾಬೂರಾವ್ ಪೇಂಟರ್ ನಾಟಕದ ಪರದೆ ಬರೆದು ಹೆಸರು ಮಾಡಿದ ಜೋಡಿ. ಅವರು ಪರದೆ ಬರೆದುಕೊಟ್ಟ ಕೇಶವರಾವ್ ಭೋಸಲೆಯವರ ಲಲಿತಕಲಾದರ್ಶ ಕಂಪನಿ 1908ರಲ್ಲಿ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಗಡಿರೇಖೆ ಎಳೆದವರು ಆಗಿನ್ನೂ ಪೆನ್ಸಿಲ್ ಚೂಪು ಮಾಡಿರಲಿಲ್ಲ.

ಬಾಬೂರಾವ್ ಮುಂದೆ ತಾವೇ ಕ್ಯಾಮೆರಾ ಕಟ್ಟಿಕೊಂಡು ಸಿನಿಮಾಕ್ಕಿಳಿದರು. 1920ರಲ್ಲಿ 'ಸೈರಂಧ್ರಿ' ತೆಗೆದರು. ಚಿತ್ರಗಾರನಿಗೆ ಅದೊಂದು ವಿಚಿತ್ರ ಶಿಕ್ಷೆಯಾಗಿರಬೇಕು. ಆ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ತುಟಿ ಕಪ್ಪಾಗಿ ಬೀಳುತ್ತಿತ್ತು, ಕೆಂಪೇರಿದ ಗಲ್ಲ ಮಸಿ ಮೆತ್ತಿದಂತೆ ಬರುತ್ತಿತ್ತು. ಜೀವಮಾನವಿಡೀ ಗಲ್ಲದ ಕೆಂಪು ಸಾಧಿಸಿದ ಕಲಾವಿದ ಕ್ಯಾಮೆರಾದ ಮುಂದೆ ಆ ಕೆಂಪನ್ನೇ ಮುಚ್ಚಬೇಕು! ಇದೇ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾಗಿ 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಆರ್. ನಾಗೇಂದ್ರರಾಯರು ರಾವಣ. ರಾವಣನ ಮೈಬಣ್ಣ ಯಾವುದಿರಬೇಕೆಂದು ಯಾರಾದರೂ ಚರ್ಚಿಸಿದ್ದರೆ ಅದು ಕೊಲ್ಲಾಪುರದಲ್ಲಿ ಕನ್ನಡದಲ್ಲಿ ನಡೆದ ಮೊದಲ ಕಲಾವಿಮರ್ಶೆ ಎನ್ನಲಡ್ಡಿಯಿಲ್ಲ.

ಕಾಕಾಗೆ ಇವರೆಲ್ಲರಿಗಿಂತ ಬೆಳಗಾವಿಯ ಕೆ.ಬಿ. ಕುಲಕರ್ಣಿ ಮಾಸ್ತರರ ಮೇಲೆ ಭಕ್ತಿ. ರವಿ ಪರಾಂಜಪೆ, ಜಾನ್ ಫರ್ನಾಂಡಿಸ್ ಅಂಥವರನ್ನು ತಯಾರು ಮಾಡಿದ ಗುರು. ಮಾಸ್ತರರು ಬರೆದ ಭಾವಚಿತ್ರದ ಮುದ್ರಿತ ಹಾಳೆಯೊಂದು ಶೆಡ್ಡಿನ ಗೋಡೆಗಿದೆ. ಕಾಕಾ ಅದನ್ನು ತೋರಿಸುವಾಗ ಮುಖವನ್ನು ತೋರಿಸುವುದಿಲ್ಲ. "ಇಲ್ಲಿ ನೋಡ್ರಿ, ಗಲ್ಲದಿಂದ ಕುತ್ತಿಗಿಗೆ ಇಳ್ಯೂ ಜಾಗಾ. ಇಲ್ಲಿ ಬಣ್ಣ ಐತಿ, ಗೆರಿ ಇಲ್ಲ." ಹತ್ತಿರ ಹೋದೆ. ಹೌದು, ದವಡೆಯ ಅಂಚೇ ಇಲ್ಲ. ಬಿಸಿ ಬಣ್ಣವೊಂದು ತಣ್ಣಗಿನ ಬಣ್ಣದ ಪಕ್ಕ ಮಲಗಿದೆ. ಅಂಚನ್ನು ನಾನೇ ಕಲ್ಪಿಸಿಕೊಂಡಿದ್ದೆ.

ಈ ನೆರೆಹೊರೆಯ ಗಲಾಟೆಯೇ ದೊಡ್ಡ ಶಾಸ್ತ್ರ. ಪ್ಯಾರಿಸ್ಸಿನ ಗೊಬ್ಲಾಂ ಜಮಖಾನೆಯ ಕಾರಖಾನೆಯಲ್ಲಿ ಬಣ್ಣದ ಮುಖ್ಯಸ್ಥನಾಗಿದ್ದ ಶೆವ್ರೂಲ್‌ಗೆ ಕಪ್ಪು ದಾರ ಮಂಕಾಗಿದೆ ಎಂಬ ದೂರು ಬಂತು. ಪರೀಕ್ಷಿಸಿದರೆ ದಾರ ಸರಿಯಾಗೇ ಇತ್ತು, ಪಕ್ಕದ ಬಣ್ಣಗಳು ಅದನ್ನು ಕೆಡಿಸಿದ್ದವು. 1839ರಲ್ಲಿ ಅವನು ಈ ವಿಷಯಕ್ಕೇ ದಪ್ಪ ಪುಸ್ತಕ ಬರೆದ. ನಮ್ಮ ಹೆಂಗಸರಿಗೆ ಇದು ಪುಸ್ತಕವಿಲ್ಲದೇ ಗೊತ್ತು. ಇಳಕಲ್ ಸೀರೆಯಂಗಡಿಯಲ್ಲಿ ಹಸಿರು ಒಡಲನ್ನು ಹೆಗಲಿಗೇರಿಸಿ ಕನ್ನಡಿ ನೋಡಿದ ಕೂಡಲೇ ಮುಖಕ್ಕೆ ಕೆಂಪೇರುತ್ತದೆ, ಕೆಂಪು ಹಾಕಿದರೆ ಮಂಕಾಗುತ್ತದೆ. ನನ್ನ ಮನೆಯವರು ಇದನ್ನು "ನನಗ ಒಪ್ಪೂದಿಲ್ಲ" ಎಂಬ ಎರಡು ಶಬ್ದದಲ್ಲಿ ಮುಗಿಸುತ್ತಾರೆ. ಕೇಸರಿ ಫೇಟಾ ಕಟ್ಟಿದ ಹಣೆಯನ್ನು ಕಾಕಾ ಬರೆಯುವಾಗ ಫೇಟಾದ ಕೆಳಗೊಂದು ಕಿತ್ತಳೆಯ ಗೆರೆ ಎಳೆಯುತ್ತಾರೆ. ಬಟ್ಟೆ ಮೈಗೆ ಕೊಟ್ಟ ಕೈಗಡ ಅದು.

ನಮ್ಮ ಫೌಂಡ್ರಿಯಲ್ಲಿ ಈ ಶಾಸ್ತ್ರಕ್ಕೆ ದಿನವೂ ಪ್ರದರ್ಶನ. ಸಾವಿರದ ನಾನೂರು ಡಿಗ್ರಿಯ ಆಸುಪಾಸಿನ ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವಾಗ ಎದುರು ನಿಂತವನ ಅರ್ಧ ಮುಖ ಹಣ್ಣುಕಿತ್ತಳೆ, ಮೇಲಿನ ಪ್ಲಾಸ್ಟಿಕ್ ಪತ್ರಾಸಿನಿಂದ ಇಳಿದ ಹಗಲು ಇನ್ನರ್ಧಕ್ಕೆ ನೀಲಿಹಸಿರು ಕೊಡುತ್ತದೆ. ಥೇಟ್ ಕಾಕಾನ ಹಳೆಯ ಬ್ಯಾನರು. ಒಡಿಶಾದವನು, ಬಿಹಾರದವನು, ನಿಪ್ಪಾಣಿಯವನು ಎಲ್ಲರೂ ಮರಳು, ಮಸಿ ಮೆತ್ತಿಕೊಂಡು ಒಂದೇ ಬಣ್ಣವಾಗಿರುತ್ತಾರೆ. ಬೆವರು ಬಂತೆಂದರೆ ಒಬ್ಬೊಬ್ಬನ ಹಣೆಯ ಮೇಲೂ ಒಂದು ಮಿಂಚು. ಆ ಮಿಂಚಿನ ಲೆಕ್ಕ ನನಗೆ ಬಹಳ ಹಿಡಿಸಿತು. ಚರ್ಮ ಕರಿದಿರಲಿ, ಬಿಳಿದಿರಲಿ, ನೇರ ಬಿದ್ದ ಬೆಳಕಿನ ಒಂದು ಸಣ್ಣ ಪಾಲಷ್ಟೇ ಮೇಲ್ಮೈಯಿಂದ ಹೊಳಪಾಗಿ ತಿರುಗುವುದು. ಅದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಆದರೆ ಕರಿಯ ಮೈ ಮೇಲೆ ಅದು ಎದ್ದು ಕಾಣುತ್ತದೆ, ಬಿಳಿ ಮೈಯಲ್ಲಿ ಕಳೆದುಹೋಗುತ್ತದೆ. ಬಯಲಿನಲ್ಲಿ ನಿಂತ ಕಪ್ಪು ಹಣೆ ಆಕಾಶದ ನೀಲಿಯನ್ನೇ ಹೊತ್ತಿರುತ್ತದೆ. ಕಪ್ಪು ಮುಖ ಬರೆಯಲು ಕಪ್ಪು ಬಣ್ಣ ಬಳಸುವವನು ಪೇಂಟರನಲ್ಲ, ಬೂಟ್ ಪಾಲಿಶಿನವ ಎಂದು ಕಾಕಾನ ಸಿದ್ಧಾಂತ. ಅಂಬರ್, ಅಲ್ಟ್ರಾಮರೀನ್, ಅಲಿಜರಿನ್ ಮೂರೂ ಸೇರಿ ಆಗುವ ಆಳ ಕಪ್ಪಿನಲ್ಲಿಲ್ಲ.

ಹಿಂದಿನವರು ಇದರಲ್ಲಿ ನಮಗಿಂತ ಉದಾರಿಗಳು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಗೌರವರ್ಣಕ್ಕೆ ಐದೇ ಬಗೆ, ಶ್ಯಾಮಕ್ಕೆ ಹನ್ನೆರಡು: ಗರಿಕೆಯ ಮೊಳಕೆಯ ಶ್ಯಾಮ, ಹೆಸರುಕಾಳಿನ ಶ್ಯಾಮ, ನೀಲಕಮಲದ್ದು, ಮೋಡದ್ದು, ಕಡೆಗೆ ಕೋತಿಯ ಮುಖದ್ದು ಕೂಡ. ಕಪ್ಪಿನೊಳಗೆ ನೋಡುವುದು ಹೆಚ್ಚಿದೆ ಎಂದು ಆ ಶಾಸ್ತ್ರಕಾರನಿಗೆ ತಿಳಿದಿತ್ತು. ವಧೂವರರ ಜಾಹೀರಾತಿನವರು ಹನ್ನೆರಡನ್ನೂ ಒಟ್ಟುಮಾಡಿ 'ಗೋಧಿ ಬಣ್ಣ' ಎಂಬ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದಾರೆ. ಜೋಳ ತಿನ್ನುವ ನಾಡಿನಲ್ಲಿ ಇದೊಂದು ಅನ್ಯಾಯ.

ಫೋಟೋದ ಯಂತ್ರಗಳದ್ದಂತೂ ಕೇಳುವುದೇ ಬೇಡ. ಕೊಡಕ್ ಕಂಪನಿ ದಶಕಗಟ್ಟಲೆ ಬಣ್ಣದ ಮುದ್ರಣ ಸರಿಹೊಂದಿಸಲು ಬಿಳಿ ಹೆಂಗಸೊಬ್ಬಳ ಚಿತ್ರವಿದ್ದ 'ಶರ್ಲಿ ಕಾರ್ಡ್' ಕಳಿಸುತ್ತಿತ್ತು. ಅವಳ ಗಲ್ಲ ಸರಿಬಂದರೆ ಲೋಕದ ಗಲ್ಲವೆಲ್ಲ ಸರಿ. ಕರಿಯರ ಮುಖಗಳು ಕತ್ತಲಾಗಿ ಬೀಳುತ್ತಿದ್ದುದಕ್ಕಿಂತ ಹೆಚ್ಚಾಗಿ, ಮರದ ಸಾಮಾನು ಮತ್ತು ಚಾಕೊಲೇಟ್ ಕಂಪನಿಗಳು ತಮ್ಮ ಸರಕಿನ ಕಂದು ಬಣ್ಣ ಸರಿ ಬರುತ್ತಿಲ್ಲವೆಂದು ದೂರಿದ ಮೇಲೆ ಫಿಲ್ಮು ಸುಧಾರಿಸಿತಂತೆ. ಈಗ ಮೊಬೈಲು ಕೇಳದೆಯೇ ಎಲ್ಲರನ್ನೂ ಬೆಳ್ಳಗೆ ಮಾಡಿಕೊಡುತ್ತದೆ. ಗಿರಾಕಿಗಳು ಅದನ್ನೇ ತಂದು ಕಾಕಾನ ಮುಂದಿಡುತ್ತಾರೆ. ನೆರಳೇ ಇಲ್ಲದ ಮುಖವನ್ನು ಎಲ್ಲಿ ಹಿಡಿದು ಬರೆಯುವುದು?

ಕರಿಯ ದೇವರೊಬ್ಬನ ಹಟ್ಟಿಯ ಹೆಸರನ್ನು ಹೊತ್ತ ಊರಲ್ಲಿ ಕಾಕಾ ಕೃಷ್ಣನನ್ನೂ ಬರೆಯುತ್ತಾರೆ. ಅವರ ಮಾದರಿ ಕಲಬುರ್ಗಿಯ ಎಸ್.ಎಂ. ಪಂಡಿತ್, ಮುಂಬಯಿಯಲ್ಲಿ ಹಾಲಿವುಡ್ ಸಿನಿಮಾಗಳ ಶೋಕಾರ್ಡ್ ಬರೆದು, ಆಮೇಲೆ ಕ್ಯಾಲೆಂಡರಿನ ದೇವತೆಗಳಿಗೆ ರಕ್ತಮಾಂಸ ತುಂಬಿದವರು. ಕೃಷ್ಣನ ನೀಲಿ ನಿಜವಾಗಿ ಯಾವ ಮನುಷ್ಯನ ಮೈಯಲ್ಲೂ ಇಲ್ಲ. ಆದರೂ ಗಲ್ಲಕ್ಕೊಂದು ಕೆಂಪು, ಕೈ ಬೆರಳಿನ ಗಂಟಿಗೊಂದು ಕೆಂಪು ಬಿದ್ದಿತೋ, ನೀಲಿ ಮೈಯಲ್ಲಿ ರಕ್ತ ಹರಿಯಲು ಶುರುವಾಗುತ್ತದೆ. ನೀಲಿ ಕೃಷ್ಣನನ್ನು ಒಪ್ಪಿ ಮನೆಗೊಯ್ಯುವ ಜನ ಕಪ್ಪು ಅಪ್ಪನನ್ನು ಮಾತ್ರ ಒಪ್ಪುವುದಿಲ್ಲ.

ಒಬ್ಬರು ಬಿಟ್ಟು. ಗಡಹಿಂಗ್ಲಜದ ಕಡೆಯ ರೈತರೊಬ್ಬರು ತೀರಿಕೊಂಡ ತಾಯಿಯ ಫೋಟೋ ತಂದಿದ್ದರು. ಕಬ್ಬಿನ ಬಿಲ್ಲು ಆಗಷ್ಟೇ ಕೈಗೆ ಬಂದಿತ್ತು, ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

"ಬೆಳ್ಳಗ ಮಾಡಾಕ ಹೆಚ್ಚಿಗಿ ಎಷ್ಟ್ರಿ ಕಾಕಾ?"

ಕಾಕಾ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಬೆಳ್ಳಗ ಮಾಡಾಕ ಬರೇ ಬಿಳಿ ಸಾಕು. ಅಗ್ಗ. ಅವ್ವಾರು ಇದ್ದಾಂಗ ಮಾಡಬೇಕಂದ್ರ ನೀಲಿ ಬೇಕು, ಅಲಿಜರಿನ್ ಬೇಕು, ಹಸಿರ ಬೇಕು, ಟೈಮ್ ಬೇಕು. ಅದು ತುಟ್ಟಿ."

ರೈತರು ಒಂದು ಗಳಿಗೆ ಯೋಚಿಸಿದರು. ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

"ತುಟ್ಟೀದs ಮಾಡ್ರಿ. ನಮ್ಮ ಅವ್ವಗ ಅಗ್ಗದ್ದು ಬ್ಯಾಡ."

ಕಾಕಾ ಅಡ್ವಾನ್ಸ್ ಎಣಿಸಿ ಜೇಬಿಗಿಟ್ಟು, ಲೆಕ್ಕದವನೆಂದು ರಸೀದಿ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಸೈಜು, ಫ್ರೇಮು, ಕೊಡುವ ತಾರೀಖು ಬರೆದೆ. ಬಣ್ಣ ಎಂಬ ಸಾಲಿನಲ್ಲಿ ಏನು ಹಾಕಲಿ ಅಂದೆ.

"ಇದ್ದಾಂಗ ಅಂತ ಬರೀರಿ," ಅಂದರು. "ಮತ್ತ ಕಂಸದಾಗ 'ತುಟ್ಟಿ' ಅಂತ ಹಾಕ್ರಿ. ಆಮ್ಯಾಲ ತಕರಾರು ಬ್ಯಾಡ."